ಏಂಜೆಲ್: ಹೇಳಿ ಕಳುಹಿಸಿದವರು

ಕೇಳುಗರೆ, ನಮಸ್ಕಾರ. ಇವತ್ತಿನ ಮಾತು ಏಂಜೆಲ್ ಎಂಬ ಪದದ್ದು.

ಬೈಬಲಿನ ಆದಿಕಾಂಡದ 32ನೇ ಅಧ್ಯಾಯ. ಊರಿಗೆ ಮರಳುತ್ತಿರುವ ಯಾಕೋಬನಿಗೆ ದಾರಿಯಲ್ಲಿ ದೇವರ ದೂತರು ಎದುರಾಗುತ್ತಾರೆ. ಅದರ ಬೆನ್ನಿಗೇ ಯಾಕೋಬ ತನ್ನ ಆಳುಗಳನ್ನು ಅಣ್ಣ ಏಸಾವನ ಬಳಿಗೆ ಸುದ್ದಿ ಹೇಳಿ ಕಳುಹಿಸುತ್ತಾನೆ. ಹೀಬ್ರೂ ಮೂಲದಲ್ಲಿ ಆ ದೂತರಿಗೂ ಈ ಆಳುಗಳಿಗೂ ಒಂದೇ ಹೆಸರು: ಮಲಾಖ್. ಅಂದರೆ ಸುದ್ದಿ ಒಯ್ಯುವವನು. ಗ್ರೀಕ್ ಭಾಷಾಂತರಕಾರರು ಅದಕ್ಕೆ ಆಂಗೆಲೋಸ್ ಎಂದರು. ಅದು ಲ್ಯಾಟಿನ್ನಿಗೆ ಹೋಗಿ, ಇಂಗ್ಲಿಷಿಗೆ ಬಂದು, ಏಂಜೆಲ್ ಆಯಿತು. ನಾವು ಸುವಾರ್ತೆ ಎನ್ನುವ ಪದದ ಗ್ರೀಕ್ ಮೂಲವಾದ ಎವಾಂಗೆಲಿಯೋನ್ ಕೂಡ ಇದೇ ಮನೆಯದು.

ಹಾಗಾದರೆ ರೆಕ್ಕೆ? ಮಮ್ರೆಯ ಮರಗಳ ಬಳಿ ಅಬ್ರಹಾಮನ ಗುಡಾರಕ್ಕೆ ಬಂದ ಮೂವರನ್ನು ನೆನೆಯಿರಿ. ಅವನು ಅವರಿಗೆ ಕಾಲು ತೊಳೆಯಲು ನೀರು ತರಿಸುತ್ತಾನೆ, ರೊಟ್ಟಿ ಸುಡಿಸುತ್ತಾನೆ, ಎಳೆಯ ಕರುವಿನ ಅಡಿಗೆ ಮಾಡಿಸುತ್ತಾನೆ. ಬಿಸಿಲಲ್ಲಿ ನಡೆದು ಬಂದ ದಾರಿಹೋಕರೆಂದೇ ಉಪಚಾರ. ರೋಮಿನಲ್ಲಿ ಪ್ರಿಸಿಲ್ಲಾ ಎಂಬ ನೆಲದಡಿಯ ಸಮಾಧಿಸ್ಥಳದ ಹಳೆಯ ಭಿತ್ತಿಚಿತ್ರದಲ್ಲೂ ಯೇಸುವಿನ ತಾಯಿ ಮರಿಯಳೆದುರು ನಿಂತ ದೂತನಿಗೆ ರೆಕ್ಕೆಯಿಲ್ಲ. ಕ್ರೈಸ್ತ ಕಲೆಯಲ್ಲಿ ಅವು ಮೂಡುವುದು ನಾಲ್ಕನೆಯ ಶತಮಾನದ ಸುಮಾರಿಗೆ. ಬೈಬಲಿನ ಪ್ರವಾದಿ ಯೆಶಾಯನ ದರ್ಶನದಲ್ಲಿ ದೇವರ ಸನ್ನಿಧಿಯಲ್ಲಿರುವ ಸೆರಾಫಿಯರಿಗೆ ಆರಾರು ರೆಕ್ಕೆಗಳಿವೆ, ನಿಜ. ಆದರೆ ಅಲ್ಲಿ ಅವರನ್ನು ಮಲಾಖ್ ಎಂದು ಕರೆದಿಲ್ಲ. ಸಂತ ಅಗಸ್ಟೀನ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಏಂಜೆಲ್ ಎಂಬುದು ಕೆಲಸದ ಹೆಸರು, ಸ್ವರೂಪದ ಹೆಸರಲ್ಲ. ನನಗಂತೂ ಈ ಮಾತು ಇಡೀ ವಿಷಯದ ಬೀಗದ ಕೈ.

ಅರಬ್ಬಿಯ ಮಲಕ್ ಹೀಬ್ರೂವಿನ ಮಲಾಖನ ಒಡಹುಟ್ಟು. ಕುರ್‌ಆನಿನ 35ನೇ ಅಧ್ಯಾಯದ ಮೊದಲ ವಚನ ಮಲಕ್‌ಗಳಿಗೆ ಎರಡು, ಮೂರು, ನಾಲ್ಕು ರೆಕ್ಕೆಗಳೆಂದು ಹೇಳುತ್ತದೆ. ಆದರೆ ಅದಕ್ಕೂ ಮೊದಲು ಅವರನ್ನು ಸಂದೇಶವಾಹಕರೆಂದು ಕರೆಯುತ್ತದೆ. ಕನ್ನಡದ ಇಸ್ಲಾಮೀ ಬರಹಗಳಲ್ಲಿ ಮಲಕ್‌ಗೆ ದೇವಚರ ಎಂಬ ಚೆಲುವಾದ ಪದವಿದೆ. ಉರ್ದು ಮಾತಾಡುವವರ ಫರಿಷ್ತಾ ಪಾರಸಿಯಿಂದ ಬಂದದ್ದು. ಅದರ ಅರ್ಥ ಕಳುಹಿಸಲ್ಪಟ್ಟವನು, ನಮ್ಮ ಪ್ರೇಷಿತ ಪದದ ದೂರದ ನೆಂಟ. ಕನ್ನಡದ ಕಥೋಲಿಕರು ಯೇಸುವಿನ ಶಿಷ್ಯರನ್ನು ಪ್ರೇಷಿತರು ಎಂದೇ ಕರೆಯುತ್ತಾರಲ್ಲ! ಮಂಗಳೂರಿನ ಏಂಜೆಲೋರ್ ಎಂಬಲ್ಲಿನ ಇಗರ್ಜಿ ಕಾವಲು ದೂತರ ಹೆಸರಿನದು. ಆ ದೂತರ ಹಬ್ಬ ಅಕ್ಟೋಬರ್ 2ಕ್ಕೆ.

ದೂತ ಎನ್ನುವುದು ನಮಗೆ ಹೊಸ ಮಾತಲ್ಲ. ಹನುಮಂತ ರಾಮದೂತ. ಭಾಗವತದ ಅಜಾಮಿಳನ ಕಥೆಯಲ್ಲಿ ಸಾಯುವವನ ತಲೆದೆಸೆಯಲ್ಲಿ ಯಮದೂತರೂ ವಿಷ್ಣುದೂತರೂ ವಾದಕ್ಕೆ ನಿಲ್ಲುತ್ತಾರೆ. ಹೀಗಿರುವಾಗ ಏಂಜೆಲನ್ನು ಕಿನ್ನರಿ, ಅಪ್ಸರೆ ಎಂದು ಅನುವಾದಿಸುವುದನ್ನು ನಾನು ಒಪ್ಪಲಾರೆ. ಕಿನ್ನರರು ಹಾಡುವವರು, ಅಪ್ಸರೆಯರು ಕುಣಿಯುವವರು. ಸುದ್ದಿ ಹೊತ್ತು ನಡೆಯುವುದು ಅವರ ಕೆಲಸವಲ್ಲ. ದೇವದೂತ ಎಂದ ಹಿರಿಯರ ಆಯ್ಕೆಯೇ ಸರಿ.

ಇಂಗ್ಲಿಷಿನಲ್ಲಿ ಸಹಾಯ ಮಾಡಿದವರಿಗೆ ‘ನೀವು ಏಂಜೆಲ್’ ಎನ್ನುತ್ತಾರೆ. ನಾವು ಅಲ್ಲಿ ದೂತನನ್ನು ಕರೆಯುವುದಿಲ್ಲ. ಮಳೆಯ ರಾತ್ರಿ ಹೆರಿಗೆ ನೋವಿನವಳನ್ನು ಆಸ್ಪತ್ರೆಗೆ ಮುಟ್ಟಿಸಿದ ಆಟೋದವನಿಗೆ, ದೇವರು ಬಂದಂಗೆ ಬಂದೆಯಪ್ಪಾ ಎನ್ನುತ್ತೇವೆ. ನೇರವಾಗಿ ಒಡೆಯನನ್ನೇ ಕಾಣುವ ಈ ಮಾತು ನನಗೆ ಬಹಳ ಪ್ರಿಯ.

ಇತ್ತೀಚೆಗೆ ಬೆಂಗಳೂರಿನಲ್ಲಿ ಈ ಪದ ಹಣದ ಮಾತಿನಲ್ಲೇ ಹೆಚ್ಚು ಕೇಳಿಬರುತ್ತಿದೆ. ನಷ್ಟವಾದರೂ ಸರಿ ಎಂದು ನಾಟಕಕ್ಕೆ ದುಡ್ಡು ಹಾಕುವವರನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯವರು ಏಂಜೆಲ್ ಎನ್ನುತ್ತಿದ್ದರು. ಅಲ್ಲಿಂದ ಅದು ಹೊಸ ಕಂಪನಿಗಳಿಗೆ ಮೊದಲ ಬಂಡವಾಳ ಕೊಡುವ ಏಂಜೆಲ್ ಹೂಡಿಕೆದಾರರಿಗೆ ಅಂಟಿತು. ಅಂಥ ಹಣದ ಮೇಲೆ ಭಾರತದಲ್ಲಿ 2012ರಲ್ಲಿ ಬಂದ ತೆರಿಗೆಗೂ ಏಂಜೆಲ್ ತೆರಿಗೆ ಎಂದೇ ಹೆಸರಾಯಿತು; 2024ರ ಬಜೆಟ್ ಅದನ್ನು ತೆಗೆದುಹಾಕಿತು. ಇಲ್ಲಿ ಪದದೊಳಗೆ ಸಂದೇಶವೇನೂ ಉಳಿದಿಲ್ಲ, ಕಷ್ಟಕಾಲಕ್ಕೆ ಒದಗಿಬರುವ ಗುಣ ಮಾತ್ರ ಉಳಿದಿದೆ.

ನಮಸ್ಕಾರ.