ರಾಶಿ ಬರೆದಿಟ್ಟ ‘ಗೊತ್ತಿಲ್ಲ’

ನನಗೂ ಮೊದಲು ಮಾತಾಡಿದವರು ನನ್ನ ಹತ್ತು ನಿಮಿಷವನ್ನೂ ನುಂಗಿದ್ದಾರೆ, ಇರಲಿ. ಆಹ್ವಾನಪತ್ರಿಕೆಯಲ್ಲಿ ‘ರಾಶಿ’ ಅಂತ ಓದಿ ವರ್ಷಭವಿಷ್ಯ ಕೇಳೋಕೆ ಯಾರಾದರೂ ಬಂದಿದ್ದರೆ, ದಯವಿಟ್ಟು ಕ್ಷಮಿಸಿ. ರಬ್ಬಿ ಅಂದರೆ ಯೆಹೂದಿ ಧರ್ಮಗುರು. ರಬ್ಬಿ ಶ್ಲೋಮೋ ಯಿತ್ಸಾಕಿ ಎಂಬ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ರಾಶಿ. 1040ರಲ್ಲಿ ಫ್ರಾನ್ಸಿನ ಟ್ರುವಾದಲ್ಲಿ ಹುಟ್ಟಿದ, ಜರ್ಮನಿಯ ಮೈಂಜ್, ವೋರ್ಮ್ಸ್‌ಗಳಲ್ಲಿ ಓದಿದ, ಊರಿಗೆ ಮರಳಿ ಯೆಹೂದಿಗಳ ಮೂಲ ಶಾಸ್ತ್ರವಾದ ತೋರಾಕ್ಕೂ, ಅವರ ಧರ್ಮಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್‌ನ ಬಹುಪಾಲಿಗೂ ಟೀಕೆ ಬರೆದ. ನಾನು ಹೇಳುತ್ತಿರುವುದು ಹಳೆಯ ಅರ್ಥದ ಟೀಕೆ, ಅಂದರೆ ವ್ಯಾಖ್ಯಾನ. ಈಗ ಟೀಕೆ ಅಂದರೆ ಬೈಗುಳ ಆಗಿಹೋಗಿದೆ.

ತೋರಾದ ಮೊದಲ ಪುಸ್ತಕ ಆದಿಕಾಂಡ, ಅದರ 28ನೇ ಅಧ್ಯಾಯ. ಇಸಾಕ ಮಗ ಯಾಕೋಬನನ್ನು ಲಾಬಾನನ ಮನೆಗೆ ಕಳಿಸುತ್ತಾನೆ. ಲಾಬಾನ ಯಾರು? ರೆಬೆಕ್ಕಳ ಅಣ್ಣ. ರೆಬೆಕ್ಕ ಯಾರು? ‘ಯಾಕೋಬ ಏಸಾವರ ತಾಯಿ’ ಅನ್ನುತ್ತದೆ ಐದನೇ ವಾಕ್ಯ. ಅಲ್ಲಾ ಸ್ವಾಮಿ, ಆ ಅವಳಿಗಳು ಅವಳ ಹೊಟ್ಟೆಯೊಳಗೇ ಗುದ್ದಾಡಿದ್ದನ್ನು ಮೂರು ಅಧ್ಯಾಯದ ಹಿಂದೆ ಓದಿದ್ದೇವೆ, ಈಗ ಮತ್ತೆ ಯಾಕೆ ಪರಿಚಯ? ಶಾಸ್ತ್ರದಲ್ಲಿ ಒಂದಕ್ಷರವೂ ದಂಡಕ್ಕೆ ಬರುವುದಿಲ್ಲ ಎಂದು ನಂಬಿದ ಜನ ಆ ಯೆಹೂದಿ ಪಂಡಿತರು. ರಾಶಿ ಇಲ್ಲಿ ಬರೆಯುತ್ತಾನೆ: ಇದು ನಮಗೆ ಏನು ಕಲಿಸುತ್ತದೋ ನನಗೆ ಗೊತ್ತಿಲ್ಲ.

ಸುಮ್ಮನಿರಬಹುದಿತ್ತು. ಎಷ್ಟೋ ವಾಕ್ಯಗಳನ್ನು ಮುಟ್ಟದೆ ದಾಟಿದ್ದಾನೆ, ಇದನ್ನೂ ದಾಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನಾಗಿದ್ದರೆ ದಾಟುತ್ತಿದ್ದೆ; ಮೂವತ್ತು ವರ್ಷ ಪಾಠ ಹೇಳಿದವನು, ಗೊತ್ತಿಲ್ಲದ್ದನ್ನು ‘ಪರೀಕ್ಷೆಗೆ ಬರಲ್ಲ’ ಅಂತ ಎಷ್ಟು ಸಲ ಹಾರಿಸಿದ್ದೇನೋ! ಅವನು ಮಾತ್ರ ಶಾಯಿ ಖರ್ಚುಮಾಡಿ ‘ಗೊತ್ತಿಲ್ಲ’ ಅಂತ ಬರೆದಿಟ್ಟ. ಮುಂದಿನ ಶತಮಾನಗಳ ಪಂಡಿತರು ಆ ಒಂದು ಸಾಲಿನ ಮೇಲೇ ಬರೆದರು. ಅವರಿಗೆಲ್ಲ ಗೊತ್ತಿತ್ತು ನೋಡಿ.

ಗೊತ್ತಿಲ್ಲದ ಕಡೆ ಅವನು ಬೀದಿ ಕಡೆಗೂ ನೋಡುತ್ತಾನೆ. ಮಹಾಯಾಜಕ ತೊಡುವ ಏಫೋದು ಎಂಬ ವಸ್ತ್ರ ಹೇಗಿತ್ತು? ಎಲ್ಲೂ ಕೇಳಿಲ್ಲ, ಯಾವ ಗ್ರಂಥದಲ್ಲೂ ವಿವರ ಸಿಕ್ಕಿಲ್ಲ ಅನ್ನುತ್ತಾನೆ. ಆಮೇಲೆ, ನನ್ನ ಮನಸ್ಸು ಹೇಳುತ್ತದೆ, ಸಿರಿವಂತರ ಹೆಂಗಸರು ಕುದುರೆ ಏರುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ವಸ್ತ್ರದ ಹಾಗಿರಬೇಕು ಅಂತ. ಅದರ ಫ್ರೆಂಚ್ ಹೆಸರನ್ನೂ ಹೀಬ್ರೂ ಲಿಪಿಯಲ್ಲೇ ಬರೆಯುತ್ತಾನೆ. ಇಂಥ ಪದಗಳು ಅವನ ಟೀಕೆಗಳಲ್ಲಿ ಸಾವಿರಗಟ್ಟಲೆ ಇವೆ. ಹಳೆಯ ಫ್ರೆಂಚ್ ಹೇಗಿತ್ತು ಎಂದು ತಿಳಿಯಲು ಇವತ್ತಿನ ಭಾಷಾವಿಜ್ಞಾನಿಗಳು ರಾಶಿಯನ್ನು ಓದಬೇಕು.

ಚೀಟಿ ಬಂತು. ಐದು ನಿಮಿಷವಂತೆ. 1096ರ ಕ್ರೈಸ್ತ ಧರ್ಮಯುದ್ಧದ (ಕ್ರುಸೇಡ್) ಗುಂಪುಗಳು ಅವನು ಓದಿದ ಮೈಂಜ್, ವೋರ್ಮ್ಸ್‌ಗಳ ಯೆಹೂದಿಗಳನ್ನು ಕೊಂದದ್ದನ್ನು ಹೇಳಬೇಕಿತ್ತು. 1475ರಲ್ಲಿ ಇಟಲಿಯಲ್ಲಿ ಅಚ್ಚಾದ, ಇಸವಿ ನಮೂದಾಗಿರುವ ಮೊದಲ ಹೀಬ್ರೂ ಪುಸ್ತಕ ಇವನ ತೋರಾ ಟೀಕೆಯೇ. ಅದರ ಅಕ್ಷರಕ್ಕೆ ಮುಂದೆ ‘ರಾಶಿ ಲಿಪಿ’ ಅಂತ ಹೆಸರಾಯಿತು, ಪಾಪ, ಅವನು ಆ ಲಿಪಿಯಲ್ಲಿ ಬರೆದವನೇ ಅಲ್ಲ. ಗಂಡುಮಕ್ಕಳಿರಲಿಲ್ಲ. ಮಗಳ ಮಗ ರಶ್ಬಾಮ್ ತಾತನೊಡನೆ ವಾದಕ್ಕೆ ಕೂತವನು. ‘ಸಮಯ ಇದ್ದಿದ್ದರೆ ದಿನದಿನವೂ ಹೊಳೆಯುತ್ತಿರುವ ನೇರ ಅರ್ಥಗಳನ್ನು ಹಿಡಿದು ಬೇರೆ ಟೀಕೆ ಬರೆಯಬೇಕಿತ್ತು’ ಎಂದು ತಾತ ಒಪ್ಪಿಕೊಂಡದ್ದನ್ನು ಈ ಮೊಮ್ಮಗನೇ ದಾಖಲಿಸಿದ್ದಾನೆ. ಗೊತ್ತಿಲ್ಲ ಅಂದವನೇ ಇದನ್ನೂ ಅನ್ನಬಲ್ಲ.

ಆ ಸಮಯ ಸಿಗಲಿಲ್ಲ. ತಾಲ್ಮುದ್‌ನ ಮಕ್ಕೋತ್ ಭಾಗದ 19ನೇ ಹಾಳೆ ತೆಗೆದರೆ, ಪಕ್ಕದ ಅಂಕಣದಲ್ಲಿ ರಾಶಿಯ ಟೀಕೆ ನಡುವೆಯೇ ನಿಂತಿದೆ. ನಮ್ಮ ಗುರುವಿನ ಉಸಿರು ಹೋಯಿತು, ಮುಂದೆ ವಿವರಿಸಲಿಲ್ಲ, ಇಲ್ಲಿಂದಾಚೆಗೆ ಶಿಷ್ಯ ಯೆಹೂದನ ಮಾತು ಎಂದು ಬರೆದಿದೆ. ಆ ಶಿಷ್ಯ ರಾಶಿಯ ಅಳಿಯ. ಮರುಸಾಲಿನಿಂದಲೇ ಟೀಕೆ ಮುಂದುವರಿಯುತ್ತದೆ.