ಎದೆಯೊಳಗಿನ ಹೆಪ್ಪನ್ನು ಹುಡುಕುವ ಸಿ.ಟಿ. ಸ್ಕ್ಯಾನ್

ಕೇಳುಗರಿಗೆ ನಮಸ್ಕಾರ.

ಮೊಣಕಾಲಿನ ಆಪರೇಷನ್ ಆಗಿ ಹತ್ತು ದಿನ ಕಳೆದಿದೆ ಅಂದುಕೊಳ್ಳಿ. ಓಡಾಟ ಕಡಿಮೆ, ಮಲಗಿರುವುದೇ ಜಾಸ್ತಿ. ಒಂದು ಬೆಳಗ್ಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು. ಉಸಿರೆಳೆದರೆ ಎದೆಯ ಒಂದು ಪಕ್ಕ ಚುಚ್ಚುತ್ತದೆ. ಸುಸ್ತಿರಬೇಕು, ಗ್ಯಾಸ್ ಇರಬೇಕು ಅಂತ ಸುಮ್ನೆ ಮಲಗಿಬಿಡುವವರಿದ್ದಾರೆ. ನನಗೆ ಭಯವಾಗುವುದು ಅಲ್ಲೇ.

ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಿತ್ತುಕೊಂಡು, ಹೃದಯದ ಬಲಭಾಗ ದಾಟಿ, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡಿರಬಹುದು. ಪಲ್ಮನರಿ ಎಂಬಾಲಿಸಂ ಅನ್ನುವುದು ಇದನ್ನೇ. ಹೃದಯಾಘಾತ, ನ್ಯುಮೋನಿಯಾ ಕೂಡ ಇದೇ ಥರ ಕಾಣಿಸಿಕೊಳ್ಳಬಹುದು. ಎದೆಯ ಎಕ್ಸ್‌ರೇ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಮಾಮೂಲಿ ಸಿ.ಟಿ.ಯಲ್ಲೂ ರಕ್ತ, ಹೆಪ್ಪು ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ.

ಅದಕ್ಕೇ ಸಿ.ಟಿ. ಪಲ್ಮನರಿ ಆಂಜಿಯೋಗ್ರಾಂ ಮಾಡುತ್ತಾರೆ. ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ಡೈ ರಭಸವಾಗಿ ಹೋಗುತ್ತದೆ, ಸೆಕೆಂಡಿಗೆ ಸುಮಾರು 4 ರಿಂದ 5 ಮಿಲಿಲೀಟರ್. ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಅನ್ನಿಸಬಹುದು. ಗಾಬರಿ ಬೇಡ, ನಿಜವಾಗಿ ಹೋಗಿರುವುದಿಲ್ಲ. ಡೈ ಶ್ವಾಸಕೋಶದ ದೊಡ್ಡ ನಾಳಕ್ಕೆ ಬಂತಾ ಅಂತ ಮೆಷಿನ್ ಕಾಯುತ್ತಾ ಇರುತ್ತದೆ. ಬಂದ ಕೂಡಲೇ ಕೆಲವೇ ಸೆಕೆಂಡುಗಳಲ್ಲಿ ಇಡೀ ಎದೆಯ ಚಿತ್ರ ತೆಗೆಯುತ್ತದೆ. ಬೇಗ ತೆಗೆದರೆ ಡೈ ಬಂದಿರುವುದಿಲ್ಲ, ತಡವಾದರೆ ಮುಂದೆ ಹೋಗಿಬಿಟ್ಟಿರುತ್ತದೆ. ಉಸಿರು ಹಿಡಿಯಿರಿ ಅಂದಾಗ ತೀರಾ ಜೋರಾಗಿ ಎಳೆದುಕೊಳ್ಳಬೇಡಿ. ಹಾಗೆ ಮಾಡಿದರೆ ಹೊಟ್ಟೆಯ ಕಡೆಯಿಂದ ಡೈ ಇಲ್ಲದ ರಕ್ತ ನುಗ್ಗಿ, ಚಿತ್ರ ಮಸುಕಾಗಬಹುದು.

ಚಿತ್ರದಲ್ಲಿ ರಕ್ತನಾಳ ಬೆಳ್ಳಗೆ ಹೊಳೆಯುತ್ತದೆ. ನಡುವೆ ಕಪ್ಪಗೆ ಒಂದು ತುಂಡು ಕಂಡರೆ ಅದೇ ಹೆಪ್ಪು. ಸ್ಕ್ಯಾನ್ ಓದುವ ವೈದ್ಯರು, ಅಂದರೆ ರೇಡಿಯಾಲಜಿಸ್ಟ್, ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹೃದಯದ ಬಲಕೋಣೆ ಎಡಕೋಣೆಗಿಂತ ಊದಿಕೊಂಡಿದೆಯಾ ಅಂತಲೂ ನೋಡುತ್ತಾರೆ. ಊದಿದ್ದರೆ ಹೃದಯಕ್ಕೆ ಹೊರೆ ಬಿದ್ದಿದೆ ಅಂತ ಲೆಕ್ಕ.

ಕಷ್ಟವಾಗುವುದು ಕೂದಲೆಳೆಯಂಥ ನಾಳಗಳಲ್ಲಿ. ಅಲ್ಲಿನ ಪುಟ್ಟ ಹೆಪ್ಪು ಕಣ್ಣು ತಪ್ಪಿಸಬಹುದು. ಇಲ್ಲಿ ಡ್ಯುಯಲ್ ಎನರ್ಜಿ ಸಿ.ಟಿ. ನೆರವಾಗುತ್ತದೆ. ಒಂದೇ ಜಾಗವನ್ನು ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇಗಳಿಂದ ನೋಡುತ್ತಾರೆ. ಕಡಿಮೆ ಶಕ್ತಿಯ ಕಿರಣವನ್ನು ಅಯೋಡಿನ್ ಜಾಸ್ತಿ ಹೀರಿಕೊಳ್ಳುತ್ತದೆ. ಆ ವ್ಯತ್ಯಾಸ ಹಿಡಿದು ಕಂಪ್ಯೂಟರ್ ಅಯೋಡಿನ್ ಎಲ್ಲೆಲ್ಲಿ ತಲುಪಿದೆ ಅಂತ ಬಣ್ಣದ ನಕ್ಷೆ ಬಿಡಿಸುತ್ತದೆ. ತುಂಬಿದ ಬಣ್ಣದ ನಡುವೆ ತ್ರಿಕೋನದಂತೆ ಒಂದು ತುಂಡು ಖಾಲಿ ಇದ್ದರೆ, ಅಲ್ಲಿಗೆ ರಕ್ತ ಹೋಗುತ್ತಿಲ್ಲ. ವೈದ್ಯರು ಅದರ ಜಾಡು ಹಿಡಿದು, ಆ ಭಾಗಕ್ಕೆ ಹೋಗುವ ನಾಳವನ್ನು ಮತ್ತೊಮ್ಮೆ ಹುಡುಕುತ್ತಾರೆ. ಆದರೆ ನ್ಯುಮೋನಿಯಾ ಇದ್ದರೂ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮ ಇದ್ದರೂ ನಕ್ಷೆಯಲ್ಲಿ ಖಾಲಿ ಜಾಗ ಕಾಣುತ್ತದೆ. ಆದ್ದರಿಂದ ನಕ್ಷೆ, ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಹಾಗಂತ ಎದೆನೋವು ಬಂದವರಿಗೆಲ್ಲ ಈ ಸ್ಕ್ಯಾನ್ ಬೇಕಾಗುವುದಿಲ್ಲ. ಇದರಲ್ಲಿ ವಿಕಿರಣ ಇದೆ, ಡೈ ಇದೆ. ಅನುಮಾನ ಕಡಿಮೆ ಇದ್ದು, ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ರಕ್ತಪರೀಕ್ಷೆಯೂ ನೆಗೆಟಿವ್ ಬಂದರೆ ಸಾಮಾನ್ಯವಾಗಿ ಸ್ಕ್ಯಾನ್ ಬಿಡಬಹುದು. ಕಿಡ್ನಿ ತೊಂದರೆ, ಹಿಂದೆ ಡೈಯಿಂದ ಆದ ಅಲರ್ಜಿ, ಗರ್ಭ ಧರಿಸಿರುವ ಸಾಧ್ಯತೆ, ಇವನ್ನು ಸ್ಕ್ಯಾನ್ ಮಾಡುವವರು ಕೇಳುವ ಮೊದಲೇ ನೀವೇ ಹೇಳಿಬಿಡಿ.

ಇನ್ನೊಂದು ಮಾತು. ಹೆಪ್ಪು ಇದೆ ಅಂತ ಗೊತ್ತಾದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು 3 ತಿಂಗಳು ತಪ್ಪದೆ ತಗೊಂಡಿದ್ದೀರಿ, ಆದರೂ ಮೆಟ್ಟಿಲು ಹತ್ತಿದರೆ ಮೊದಲಿನ ಹಾಗೇ ಏದುಸಿರು. ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ಹಳೆಯ ಹೆಪ್ಪು ಕರಗದೆ ನಾಳದ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರಬಹುದು. ಎಷ್ಟೋ ಜನರಲ್ಲಿ ಅದನ್ನು ಆಪರೇಷನ್ ಮಾಡಿ ತೆಗೆಯಲು ಆಗುತ್ತದೆ. ವೈದ್ಯರ ಹತ್ತಿರ ವಾಪಸ್ ಹೋಗಿ, ಹಳೆಯ ಸ್ಕ್ಯಾನ್ ಕೈಯಲ್ಲೇ ಇರಲಿ.

ನಮಸ್ಕಾರ.