ಕಲೆ ಇದ್ದರೆ ಕಲೆಯ ಫೋಟೋನೇ ಮೊದಲು

ನಮಸ್ಕಾರ. ಇವತ್ತು ಒಂದು ಪರದೆಯ ಕಥೆಯಿಂದ ಶುರು ಮಾಡುತ್ತೇನೆ. ಕಿಟಕಿಯ ಪರದೆ.

ನಮ್ಮ ಮನೆಯಲ್ಲಿ ಒಂದು ಜೊತೆ ದಪ್ಪ ಹತ್ತಿ ಪರದೆ ಇತ್ತು. ಒಳ್ಳೆ ಬಟ್ಟೆ, ಒಳ್ಳೆ ಹೊಲಿಗೆ. ಬಿಸಿಲು ಬೀಳುವ ಕಿಟಕಿಗೆ ಹಾಕಿದ್ದರಿಂದ ಒಂದು ಅಂಚಿನಲ್ಲಿ ಗೇಣಗಲ ಬಣ್ಣ ಮಾಸಿತ್ತು. ಆನ್‌ಲೈನ್‌ನಲ್ಲಿ ಮಾರೋಣ ಅಂತ ಫೋಟೋ ತೆಗೆದೆ. ತೆಗೆಯುವಾಗ ಆ ಅಂಚನ್ನು ಒಳಗೆ ಮಡಚಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿಯೇ ಮಡಚಿತು. ಎರಡೇ ದಿನದಲ್ಲಿ ಮಾರಾಟವಾಯಿತು.

ವಾರ ಕಳೆದ ಮೇಲೆ ಕೊಂಡವರಿಂದ ಮೆಸೇಜ್ ಬಂತು. "ಮೇಡಂ, ಮಗಳ ರೂಮಿಗೆ ಅಂತ ತರಿಸಿದ್ದೆ. ಮಾಸಿದೆ ಅಂತ ಒಂದು ಮಾತು ಹೇಳಿದ್ದರೂ ತಗೋತಿದ್ದೆ. ಹೇಳಲಿಲ್ಲವಲ್ಲ ಅಂತ ಬೇಜಾರು." ಅಷ್ಟೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಪೂರ್ತಿ ಹಣ ವಾಪಸ್ ಕಳಿಸಿದೆ. ಪರದೆ ನೀವೇ ಇಟ್ಟುಕೊಳ್ಳಿ ಅಂದೆ. ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸೋಕೆ ಮನಸ್ಸಾಗಿಲ್ಲ.

ಕಡಿಮೆ ಖರ್ಚಿನಲ್ಲಿ ಮನೆ ಚೆಂದ ಮಾಡಿಕೊಳ್ಳಬೇಕು, ಒಳ್ಳೆ ಬಟ್ಟೆ ಹಾಕಬೇಕು ಅನ್ನುವವರಿಗೆ ಬಳಸಿದ ವಸ್ತುಗಳ ಆನ್‌ಲೈನ್ ಮಾರುಕಟ್ಟೆಗಿಂತ ಒಳ್ಳೆ ಜಾಗ ಇಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಮಾರುಕಟ್ಟೆ ಉಳಿಯಬೇಕಾದರೆ ಮಾರುವವರು ತಮ್ಮ ವಸ್ತುವಿನ ಕುಂದನ್ನು ತಾವೇ ತೋರಿಸಬೇಕು. ಕಲೆ ಇದ್ದರೆ ಕಲೆಯ ಫೋಟೋನೇ ಮೊದಲು ಹಾಕಬೇಕು. ಇದು ಒಳ್ಳೆತನದ ಮಾತು ಮಾತ್ರ ಅಂದುಕೊಳ್ಳಬೇಡಿ. ವ್ಯಾಪಾರದ ಲೆಕ್ಕವೂ ಇದೇ.

ನಿಮಗೆ ಈಬೇ ಶುರುವಾದ ಕಥೆ ಗೊತ್ತಾ? 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಅನ್ನುವ ಪ್ರೋಗ್ರಾಮರ್ ಒಂದು ಹರಾಜಿನ ವೆಬ್‌ಸೈಟ್ ಮಾಡಿದರು. ಆಗ ಅದರ ಹೆಸರು ಆಕ್ಷನ್‌ವೆಬ್. ಅದರಲ್ಲಿ ಮೊದಲು ಮಾರಾಟವಾದ ವಸ್ತು ಒಂದು ಕೆಟ್ಟು ಹೋದ ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು. ಒಮಿಡ್ಯಾರ್‌ಗೆ ಆಶ್ಚರ್ಯ. ಇದು ಕೆಟ್ಟಿದೆ ಅಂತ ಗೊತ್ತಿದೆ ತಾನೇ ಅಂತ ಕೊಂಡವರನ್ನು ಕೇಳಿದರಂತೆ. ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆ ಅಂತ ಉತ್ತರ ಬಂತಂತೆ.

ಈ ಕಥೆ ನನಗೆ ತುಂಬಾ ಇಷ್ಟ. ಅಷ್ಟು ದೊಡ್ಡ ಮಾರುಕಟ್ಟೆಯ ಮೊದಲ ವ್ಯಾಪಾರವೇ ಕೆಟ್ಟ ವಸ್ತುವಿನದು. ಅದು ಕೆಟ್ಟಿದೆ ಅಂತ ಎರಡೂ ಕಡೆಯವರಿಗೆ ಗೊತ್ತಿತ್ತು. ಹಾಗಾಗಿ ಅಲ್ಲಿ ಯಾರಿಗೂ ಮೋಸ ಆಗಲಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ? ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಉದಾಹರಣೆ ಕೊಟ್ಟು ಇದನ್ನು ವಿವರಿಸಿದರು. ಮುಂದೆ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅವರ ಮಾತು ಹೀಗಿದೆ. ಮಾರುವವರಿಗೆ ವಸ್ತುವಿನ ಒಳಗುಟ್ಟು ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ತಿಳಿಯದೆ ಕೊಳ್ಳುವವರು ಎಲ್ಲದಕ್ಕೂ ಕಡಿಮೆ ಬೆಲೆ ಕೇಳುತ್ತಾರೆ. ಆ ಬೆಲೆಗೆ ಕೊಡೋಕೆ ಒಳ್ಳೆ ವಸ್ತು ಇಟ್ಟುಕೊಂಡವರು ಒಪ್ಪುವುದಿಲ್ಲ. ಅವರು ಸುಮ್ನೆ ಎದ್ದು ಹೋಗುತ್ತಾರೆ. ಕೊನೆಗೆ ಅಲ್ಲಿ ಉಳಿಯುವುದು ಕಸ ಮಾತ್ರ.

ಬಳಸಿದ ಬಟ್ಟೆಯ ಪುಟಗಳನ್ನು ಒಂದು ಗಂಟೆ ನೋಡಿ, ಅವರು ಹೇಳಿದ್ದು ಕಣ್ಣೆದುರೇ ಕಾಣುತ್ತದೆ. "ಹೊಸದರಂತಿದೆ", "ಒಂದೇ ಸಲ ಹಾಕಿದ್ದು". ಎಲ್ಲಾ ಕಡೆ ಇದೇ ಮಾತು. ಎಲ್ಲರೂ ಇದನ್ನೇ ಹೇಳಿದರೆ ನಿಜವಾಗಿ ಒಂದೇ ಸಲ ಹಾಕಿದವರನ್ನು ಯಾರು ನಂಬುತ್ತಾರೆ, ಅಲ್ವಾ?

ಸರಿ, ಕೊಳ್ಳುವಾಗ ಏನು ನೋಡಬೇಕು? ನನ್ನ ಅನುಭವದ ಮಾತು ಹೇಳುತ್ತೇನೆ.

ಬಟ್ಟೆಗೆ ಸೈಜ್ ಅಕ್ಷರ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಮಾಲ್ ಆಗಿರುತ್ತದೆ. ನಿಮಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನು ಮಂಚದ ಮೇಲೆ ಹಾಸಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿನವರೆಗೆ ಟೇಪ್ ಹಿಡಿದು ಅಳೆಯಿರಿ. ಉದ್ದ, ಭುಜ, ತೋಳು ಕೂಡ ಅಳೆದು ಫೋನಿನಲ್ಲಿ ಬರೆದಿಡಿ. ಮಾರುವವರನ್ನು ಇದೇ ಅಳತೆ ಸೆಂಟಿಮೀಟರ್‌ನಲ್ಲಿ ಕೇಳಿ. ಅಳೆದು ಹೇಳುವವರು ಸಾಮಾನ್ಯವಾಗಿ ಬೇರೆ ವಿಷಯದಲ್ಲೂ ನಿಜ ಹೇಳುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆಮೇಲೆ ಒಳಗಿನ ಲೇಬಲ್ಲಿನ ಫೋಟೋ ಕೇಳಿ. ಯಾವ ನೂಲು ಎಷ್ಟು ಪರ್ಸೆಂಟ್ ಇದೆ ಅಂತ ಅದರಲ್ಲೇ ಇರುತ್ತದೆ. ಹಿಗ್ಗುವ ಬಟ್ಟೆಯಲ್ಲಿ ಎಲಾಸ್ಟೇನ್ ಅನ್ನುವ, ರಬ್ಬರಿನಂತೆ ಎಳೆಯುವ ನೂಲು ಇರುತ್ತದೆ. ಅದು ಬಿಸಿಗೆ, ಬಳಕೆಗೆ ಕ್ರಮೇಣ ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುವುದಿಲ್ಲ. ಉಣ್ಣೆಯದ್ದಾದರೆ ಬೆಳಕಿಗೆ ಹಿಡಿದು ತೆಗೆದ ಫೋಟೋ ಕೇಳಿ. ಹುಳ ತಿಂದ ಸಣ್ಣ ತೂತು ಹಾಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಶೂ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. "ಹಾಕೇ ಇಲ್ಲ, ಡಬ್ಬದಲ್ಲೇ ಇತ್ತು" ಅಂದರೆ ನಮಗೆ ಖುಷಿಯಾಗುತ್ತದೆ. ಆದರೆ ಪಾಲಿಯುರಿಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್‌ನ ಅಟ್ಟೆ ಇರುವ ಶೂ ಹಾಕದೆ ಇಟ್ಟರೂ ಹಾಳಾಗುತ್ತದೆ. ಗಾಳಿಯಲ್ಲಿರುವ ತೇವ ಆ ವಸ್ತುವನ್ನು ನಿಧಾನವಾಗಿ ಒಡೆಯುತ್ತದೆ. ಕೆಲವು ವರ್ಷ ಪೆಟ್ಟಿಗೆಯಲ್ಲಿದ್ದ ಶೂ ಹಾಕಿಕೊಂಡು ಹೊರಟ ಮೊದಲ ದಿನವೇ ಅಟ್ಟೆ ಪುಡಿಪುಡಿಯಾಗಿ ಉದುರಬಹುದು. ಆ ಮಾರಾಟಗಾರರು ಸುಳ್ಳು ಹೇಳಿಲ್ಲ, ಅವರಿಗೂ ಇದು ಗೊತ್ತಿರುವುದಿಲ್ಲ. ಅದಕ್ಕೇ ಯಾವಾಗ ಕೊಂಡಿದ್ದು ಅಂತ ಕೇಳಿ. ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡೋಕೆ ಹೇಳಿ. ಚರ್ಮದಂತೆ ಕಾಣುವ ಬ್ಯಾಗು, ಜಾಕೆಟ್ಟುಗಳ ಮೇಲ್ಪದರ ಸಿಪ್ಪೆ ಏಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ.

ಪೀಠೋಪಕರಣದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಗಟ್ಟಿ ಮರದ ಪುಸ್ತಕದ ಕಪಾಟು ಅಂತ ಬರೆದಿದ್ದರು. ಫೋಟೋದಲ್ಲಿ ಮುಂಭಾಗ ಮಾತ್ರ ಇತ್ತು, ನಾನೂ ಅಷ್ಟನ್ನೇ ನೋಡಿದೆ. ಮನೆಗೆ ಬಂದಾಗ ಅದು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಬುಡದಲ್ಲಿ ನೀರು ಕುಡಿದು ಊದಿತ್ತು. ಈ ಹಲಗೆ ಒಮ್ಮೆ ಊದಿದರೆ ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಬಿಚ್ಚಿ ಜೋಡಿಸಿದಷ್ಟೂ ಸ್ಕ್ರೂ ಹಿಡಿತ ತಪ್ಪುತ್ತದೆ. ಈಗ ನಾನು ಹಿಂಭಾಗ, ಬುಡ, ಡ್ರಾಯರಿನ ಒಳಗಿನ ಮೂಲೆ, ಈ ಮೂರರ ಫೋಟೋ ಇಲ್ಲದೆ ಮಾತೇ ಮುಂದುವರಿಸುವುದಿಲ್ಲ. ಗಟ್ಟಿ ಮರವಾದರೆ ಮೇಲಿನ ಗೆರೆಗಳು ಹಲಗೆಯ ತುದಿಯಲ್ಲೂ ಮುಂದುವರಿದಿರುತ್ತವೆ. ತುದಿಗೆ ತೆಳು ಪಟ್ಟಿ ಅಂಟಿಸಿದ್ದರೆ ಅನುಮಾನ ಪಡಿ.

ಎಷ್ಟೇ ಅಗ್ಗ ಸಿಕ್ಕರೂ ಬಳಸಿದ್ದು ತಗೋಬೇಡಿ ಅಂತ ನಾನು ಹೇಳುವುದು ಹೆಲ್ಮೆಟ್ ಮತ್ತು ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಸೀಟ್. ಒಮ್ಮೆ ಪೆಟ್ಟು ತಿಂದಿದ್ದರೆ ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ಹಾಸಿಗೆಯ ಹೊಲಿಗೆಯಲ್ಲಿ ತಿಗಣೆ ಅಡಗಿರುತ್ತದೆ, ಅದೂ ಬೇಡ.

ಹಣದ ವಿಷಯದಲ್ಲಿ ಒಂದೇ ಮಾತು. ಹಣ ಪಡೆಯೋಕೆ ಪಿನ್ ಬೇಕಾಗಿಲ್ಲ, ಒಟಿಪಿ ಬೇಕಾಗಿಲ್ಲ. "ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ" ಅಂತ ಕೊಳ್ಳುವವರು ಹೇಳಿದರೆ ಫೋನ್ ಇಟ್ಟುಬಿಡಿ. ಹಣ ಕಳಿಸಿದ್ದೇನೆ ಅಂತ ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ನಿಮ್ಮ ಖಾತೆ ತೆರೆದು ನೋಡಿ. ಪಾರ್ಸೆಲ್ ಕೈಸೇರಿ ಕೊಂಡವರು ಸರಿ ಅನ್ನುವವರೆಗೆ ಹಣವನ್ನು ತಡೆದಿಡುವ ಆ್ಯಪ್‌ಗಳಿವೆ. 2008ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಶುರುವಾದ ವಿಂಟೆಡ್ ಹೀಗೆ ಮಾಡುತ್ತದೆ. ಮನೆ ಬದಲಿಸುವಾಗ ಮಿಲ್ದಾ ಮಿಟ್ಕುಟೆ ಅನ್ನುವ ಹುಡುಗಿಯ ಹತ್ತಿರ ಬಟ್ಟೆ ವಿಪರೀತ ಜಾಸ್ತಿ ಇದ್ದದ್ದೇ ಆ ಕಂಪನಿ ಹುಟ್ಟೋಕೆ ಕಾರಣ. ಅಂಥ ಸೌಕರ್ಯ ಇರುವ ಕಡೆ ಅದನ್ನೇ ಬಳಸಿ. ಹೊರಗೆ ವ್ಯವಹಾರ ಮಾಡಿದರೆ ಶುಲ್ಕ ಉಳಿಯುತ್ತೆ ಅನ್ನುವ ಆಸೆಗೆ ಬೀಳಬೇಡಿ.

ಈಗ ಮಾರುವವರಿಗೆ. ನನ್ನ ನಿಜವಾದ ಮಾತು ನಿಮ್ಮ ಜೊತೆ.

ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಫೋಟೋ ತೆಗೆಯಿರಿ. ಬಣ್ಣ ಬದಲಿಸುವ ಫಿಲ್ಟರ್ ಬೇಡ. ಕಲೆ, ತೂತು, ಗೀಚು ಇದ್ದರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ. ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಬರೆಯುವಾಗ "ಸಣ್ಣಪುಟ್ಟ ಗುರುತುಗಳಿವೆ" ಅನ್ನಬೇಡಿ. ಎಡ ತೋಳಿನ ಕೆಳಗೆ ಎರಡು ಸೆಂಟಿಮೀಟರ್ ಹೊಲಿಗೆ ಬಿಟ್ಟಿದೆ ಅನ್ನಿ. ಅದನ್ನು ಓದಿದವರು "ಅಷ್ಟೇ ತಾನೇ, ಸೂಜಿ ತಗೊಂಡು ಹೊಲಿದರಾಯಿತು" ಅಂದುಕೊಳ್ಳುತ್ತಾರೆ. ಮೊದಲನೆಯದನ್ನು ಓದಿದವರು ಕೆಟ್ಟದ್ದನ್ನೇ ಊಹಿಸುತ್ತಾರೆ.

ಬೆಲೆ ಇಡುವಾಗ ನೀವು ಕೊಟ್ಟ ದುಡ್ಡನ್ನು ಮರೆತುಬಿಡಿ. ಇದು ಕಷ್ಟ, ನನಗೂ ಕಷ್ಟವಾಗಿತ್ತು. ಬೇರೆಯವರು ಕೇಳುತ್ತಿರುವ ಬೆಲೆಯೂ ಲೆಕ್ಕಕ್ಕಿಲ್ಲ, ಯಾಕೆಂದರೆ ಆ ವಸ್ತು ಇನ್ನೂ ಮಾರಾಟವಾಗಿಲ್ಲ. ಅಂಥದ್ದೇ ವಸ್ತು ಎಷ್ಟಕ್ಕೆ ಮಾರಾಟವಾಗಿದೆ ಅಂತ ನೋಡಿ. ಹಲವು ಆ್ಯಪ್‌ಗಳು ಅದನ್ನು ತೋರಿಸುತ್ತವೆ.

ಕುಂದು ತೋರಿಸಿದರೆ ಬೆಲೆ ಇಳಿಯುವುದಿಲ್ಲವಾ ಅಂತ ತುಂಬಾ ಜನ ಕೇಳುತ್ತಾರೆ. ಇಳಿಯುತ್ತದೆ, ಸ್ವಲ್ಪ. ಆದರೆ ವಾಪಸ್ ಬರುವ ಪಾರ್ಸೆಲ್ಲಿನ ಖರ್ಚು, ಜಗಳ, ಕೆಟ್ಟ ರೇಟಿಂಗ್, ಇವೆಲ್ಲ ಅದಕ್ಕಿಂತ ಜಾಸ್ತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ರೇಟಿಂಗ್ ಸರಿಯಾಗಿ ಹಾಗೇ. ನಲವತ್ತು ಜನ ಒಳ್ಳೆ ಮಾತು ಬರೆದಿರುತ್ತಾರೆ. ಹೊಸದಾಗಿ ಬಂದವರು ಮೊದಲು ಓದುವುದು ಆ ಒಬ್ಬರು ಬರೆದ ಕೆಟ್ಟ ಮಾತನ್ನು.

ಕಡಿಮೆ ದುಡ್ಡಿಗೆ ಕೊಳ್ಳುವವರ ಬಗ್ಗೆಯೂ ಸ್ವಲ್ಪ ಯೋಚಿಸಿ. ಹೊಸದು ಕೊಳ್ಳೋಕೆ ಆಗುವವರಿಗೆ ಒಂದು ಅಂಗಿ ಕೆಟ್ಟು ಬಂದರೆ ಇನ್ನೊಂದು ಬರುತ್ತದೆ. ಬಳಸಿದ್ದನ್ನು ಹುಡುಕಿ ಹುಡುಕಿ ತಗೊಂಡವರ ಹತ್ತಿರ ಆ ತಿಂಗಳು ಅದಕ್ಕೆ ಅಂತ ಇಟ್ಟಿದ್ದ ದುಡ್ಡು ಅಷ್ಟೇ ಇರಬಹುದು. ಆ ಪರದೆಯ ಮೆಸೇಜ್ ನನ್ನನ್ನು ಕಾಡುವುದು ಅದಕ್ಕೇ.

ಮೊನ್ನೆ ಒಂದು ಟೇಬಲ್ ಲ್ಯಾಂಪ್ ಹಾಕಿದ್ದೆ. ಪಿಂಗಾಣಿ ಬುಡದಲ್ಲಿ ಬೆರಳುದ್ದ ಬಿರುಕು. ಅದನ್ನೇ ಮೊದಲ ಫೋಟೋ ಮಾಡಿದೆ. ಇಡೀ ದಿನ ಯಾರೂ ಕೇಳಲಿಲ್ಲ. ರಾತ್ರಿ ಒಬ್ಬರು ಬರೆದರು: "ಬಿರುಕು ಎಷ್ಟು ಆಳ ಇದೆ ಮೇಡಂ? ಅಲ್ಲಾಡುತ್ತಾ?" ಇಲ್ಲ, ಮೇಲಿನ ಹೊಳಪು ಪದರದಲ್ಲಿ ಮಾತ್ರ ಇದೆ ಅಂತ ಹೇಳಿ, ಅಲ್ಲಾಡಿಸುವ ಒಂದು ವಿಡಿಯೋ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟರಾಯ್ತು. ಕಳಿಸಿ."

ನಾಳೆ ಬೆಳಿಗ್ಗೆ ಅದನ್ನು ಪ್ಯಾಕ್ ಮಾಡಬೇಕು.